ಕ್ಯಾಪ್ಟನ್ ಓರಿಕ್‌ನ ಮೂರು ಪಟ್ಟೆ

“ಅದ ಓದ್ಬ್ಯಾಡಿ ಅಕ್ಕ,” ಅಂದಳು ಪೂಜ. ಅಷ್ಟರಲ್ಲಿ ನಾನು ಓದಿ ಆಗಿತ್ತು.

ಇಡೀ ಉದ್ಯೋಗವನ್ನು ಪೊಲೀಸ್ ಸ್ಟೇಷನ್ನುಗಳಲ್ಲಿ ಸವೆಸಿ ಸಬ್ ಇನ್‌ಸ್ಪೆಕ್ಟರಾಗಿ ನಿವೃತ್ತಿಯಾದವಳು ನಾನು, ಈ ಲೋಕೇಶ್ವರಿ. ಕುಡುಕರ ಬಾಯಿ, ಲಾಕಪ್ಪಿನವರ ಬಾಯಿ ಎಲ್ಲ ಕೇಳಿ ಕೇಳಿ ಕಿವಿ ಮರಗಟ್ಟಿದೆ. ಆದರೂ ಆ ಹುಡುಗಿಯ ಫೋನಿನಲ್ಲಿ ಸಾಲುಗಟ್ಟಿ ಬಿದ್ದಿದ್ದ ಮಾತುಗಳನ್ನು ನೋಡಿ ಬೆಳಗಿನ ಕಾಫಿಯನ್ನು ಅರ್ಧಕ್ಕೇ ಪಕ್ಕಕ್ಕೆ ಸರಿಸಿದೆ.

ಒಬ್ಬ ಅವಳ ಬೆರಳು ಕತ್ತರಿಸುತ್ತೇನೆ ಅಂದಿದ್ದ. ಇನ್ನೊಬ್ಬ ಬರೆದದ್ದನ್ನು ನಾನು ಇಲ್ಲಿ ಬರೆಯಲಾರೆ. ಎಲ್ಲರೂ ಬೆಳೆದ ಗಂಡಸರು, ಹೆಂಡತಿ ಮಕ್ಕಳಿರುವವರು. ತಮ್ಮ ಮುಖ ಇರಬೇಕಾದ ಜಾಗದಲ್ಲಿ ಒಂದೊಂದು ಪ್ಲಾಸ್ಟಿಕ್ ಬೊಂಬೆಯ ಮುಖ ಅಂಟಿಸಿಕೊಂಡಿದ್ದರು.

ಇಷ್ಟಕ್ಕೂ ಪೂಜ ಮಾಡಿದ ತಪ್ಪು, ಕಳೆದ ವಾರ ಜೀರಹಳ್ಳಿಯ ಮಧುಕುಮಾರನ ಮನೆಗೆ ಪಾರ್ಸೆಲ್ ತರಲು ಹೋದದ್ದು. ಅದೇ ದಿನ ಅವನ ಗಾಜಿನ ಬೀರುವಿನಿಂದ ಹಳೇ ಕಾಲದ ಒಂದು ಬೊಂಬೆ ಮಾಯವಾಯಿತು. ಮಧುಕುಮಾರ ಅವಳ ಹೆಸರು, ಫೋಟೊ, ನಂಬರು ಎಲ್ಲವನ್ನೂ ಬೊಂಬೆ ಅಭಿಮಾನಿಗಳ ಆನ್‌ಲೈನ್ ಗುಂಪಿಗೆ ಹಾಕಿದ. ಬೈಗುಳ ಓದಲಿ ಎಂದು ಅವಳನ್ನೂ ಆ ಗುಂಪಿಗೆ ಸೇರಿಸಿದ್ದರು. ಗುಂಪಿನ ಮುಖಂಡ, ಹಾಸನೂರಿನಲ್ಲಿ ಗೆಸ್ಟ್ ಹೌಸ್ ನಡೆಸುವ ವೃಷಭೇಂದ್ರ, ಇವತ್ತು ಸಂಜೆಯೊಳಗೆ ಮಾಲು ಒಪ್ಪಿಸದಿದ್ದರೆ ಅವಳ ಮನೆಯ ವಿಲಾಸವನ್ನೂ ಹಾಕುತ್ತೇನೆ ಎಂದು ಗಡುವು ಕೊಟ್ಟಿದ್ದ.

“ಸ್ಟೇಷನ್ನಿಗೆ ಓಗಿ ಕಂಪ್ಲೇಂಟು ಕೊಟ್ಟೆ ಅಕ್ಕ. ಬೊಂಬೆ ಸಿಗ್ಲಿ, ಆಮೇಲೆ ನೋಡವ ಅಂದ್ರು,” ಅಂದಳು ಪೂಜ. “ಕುರಿಯರ್ ಕಂಪ್ನಿಯೋರು ನಾಳಿಕ್ಕೆ ಬತ್ತರಂತೆ. ಕಳ್ಳಿ ಅಂತ ಎಸ್ರು ನಿಂತೋದ್ರೆ ಅಂಗ್ಡಿ ಮುಚ್ಚುಸ್ಬುಡ್ತರೆ. ಆ ಅಂಗ್ಡಿ ಬುಟ್ರೆ ನಂಗೇನದ?”

ತಾಳವಾಡಿ ಬಸ್ ಸ್ಟ್ಯಾಂಡಿನ ಹತ್ತಿರದ ಆ ಚಿಕ್ಕ ಕುರಿಯರ್ ಅಂಗಡಿಯನ್ನು ಅವಳು ಒಬ್ಬಳೇ ನಿಂತು ಕಟ್ಟಿದ್ದನ್ನು ನಾನು ನೋಡಿದ್ದೇನೆ. ಅವಳ ಅಪ್ಪ ರಂಗಸ್ವಾಮಿ ಬಾಗಿಲ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ಮಗಳ ಕಡೆ ನೋಡುತ್ತಿರಲಿಲ್ಲ. ಅವನಿಗೂ ಅನುಮಾನ ಹುಟ್ಟಿತ್ತು ಅನ್ನುವುದು ಆ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

“ಈ ಫೋನು ನನ್ ತಾವೇ ಇರ್ಲಿ ಕೂಸೆ,” ಅಂದೆ. “ಈ ಗಲೀಜ ಇನ್ನು ನೋಡ್ಬ್ಯಾಡ. ನಾ ಬರಗಂಟ ಮನೇಲೇ ಇರು.”

ಪುಣ್ಯದ ಕೆಲಸ ಮಾಡಿದೆ ಅಂದುಕೊಂಡು ಫೋನನ್ನು ಬ್ಯಾಗಿಗೆ ಹಾಕಿಕೊಂಡು ಸ್ಕೂಟರು ಹತ್ತಿದೆ.

ಜೀರಹಳ್ಳಿಯ ದಾರಿಯಲ್ಲಿ ವೃಷಭೇಂದ್ರನ ಜೀಪು ಎದುರಾಯಿತು. ಒಳ್ಳೆ ಹುಡುಗನ ಹಾಗೆ ನಿಧಾನ ಮಾಡಿ ಕೈ ಬೀಸಿದ. ಹಣೆಯ ಮೇಲೆ ವಿಭೂತಿ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಇಬ್ಬರು ದಪ್ಪ ದಪ್ಪ ಗಂಡಸರು, ಟೀ ಶರ್ಟಿನ ಮೇಲೆ ಆಕಾಶದ ಹಡಗಿನ ಚಿತ್ರ. ನಾನು ಕೈ ಬೀಸಲಿಲ್ಲ.

ಮಧುಕುಮಾರನ ಮನೆಯಲ್ಲಿ ಒಂದು ಕ್ರಮವಿದೆ. ಹೊಸ್ತಿಲು ದಾಟಿದವರು ಯಾರೇ ಆಗಲಿ, ಮೊದಲು ದೇವರ ಕೋಣೆಗೆ ಹೋಗಬೇಕು. ಅವನ ತಾಯಿ ಶಿವಮಲ್ಲಮ್ಮ ಹಣೆಗೆ ವಿಭೂತಿ ಇಡಬೇಕು. ಮಾತುಕತೆ ಏನಿದ್ದರೂ ಆಮೇಲೆ.

“ಅಂಗ್ಡೀದಲ್ಲ ಕಣವ್ವ, ನಾನೇ ಸುಟ್ಟುದು,” ಅಂದರು ಮುದುಕಿ, ಮೂರು ಬೆರಳನ್ನು ನನ್ನ ಹಣೆಯ ಮೇಲೆ ಎಳೆಯುತ್ತ. ಹಟ್ಟಿಯ ಸಗಣಿಯ ಉಂಡೆ ಮಾಡಿ, ಹೊಟ್ಟಿನಲ್ಲಿ ಸುಟ್ಟು, ಶೋಧಿಸಿದ ವಿಭೂತಿ. ಅಂಗಡಿಯದ್ದಕ್ಕೆ ಸೆಂಟು ಇರುತ್ತದೆ. ಇದಕ್ಕೆ ಹೊಗೆಯ ವಾಸನೆ ಇತ್ತು, ನನ್ನ ಅವ್ವನ ಕೈಯ ವಾಸನೆ.

ಶಿವಮಲ್ಲಮ್ಮನ ಬೆರಳಿಗೆ ಪಕ್ಷಪಾತ ಇರಲಿಲ್ಲ. ದೇವರ ಕೋಣೆಗೆ ಬಂದದ್ದಕ್ಕೆಲ್ಲ ಮೂರು ಗೆರೆ. ಬಿತ್ತನೆ ಬೀಜದ ಡಬ್ಬ, ಕುಡುಗೋಲಿನ ಹಿಡಿ, ಸೋಲಾರ್ ಬೇಲಿಗೆ ತಂದ ಹೊಸ ಬ್ಯಾಟರಿ, ಎಲ್ಲವೂ ಹಣೆ ತುಂಬಿಸಿಕೊಂಡು ಕೂತಿದ್ದವು. ಮೂಲೆಯ ಗೂಡಿನಲ್ಲಿ ಒಂದು ದಾಸವಾಳ ಇಟ್ಟಿದ್ದರು. ಹೂವಿನ ಹಿಂದೆ ಏನೂ ಇರಲಿಲ್ಲ.

“ಊರ್ಗೆಲ್ಲ ಇಕ್ತಿನಿ, ನನ್ ಮಗ್ನಿಗೇ ಬ್ಯಾಡ,” ಅಂದರು. ದನಿ ಸಣ್ಣದಾಯಿತು. “ನಾಕ್ ವರ್ಸಾತು ಕಣವ್ವ. ಬರೀ ಅಣೇಲೇ ತಿರುಗ್ತನೆ. ಮುಟ್ಟಕ್ಕೋದ್ರೆ ತಲೆ ಇಂದಕ್ಕೆ ತಕ್ಕೊತನೆ. ನಂಗೆ ಇನ್ನೇನೂ ಬ್ಯಾಡ, ಸಾಯದ್ರೊಳಗೆ ಒಂದ್ಸಲ ಅವ್ನ ಅಣೆ ತುಂಬ ಇಕ್ಬುಟ್ರೆ ಸಾಕು.”

ಆ ಮಾತನ್ನು ನಾನು ಕಿವಿಗೆ ಹಾಕಿಕೊಂಡೆ. ಅದರ ಬೆಲೆ ಆಗ ಗೊತ್ತಾಗಲಿಲ್ಲ.

ಮಧುಕುಮಾರ ಐವತ್ತರ ಹತ್ತಿರದ ಗಂಡಸು. ಬೊಂಬೆಗಳ ಕೋಣೆಯ ಬಾಗಿಲಲ್ಲಿ ನನಗೆ ರಬ್ಬರ್ ಕೈಗವಸು ಕೊಟ್ಟ. ಡಾಕ್ಟರು ಆಪರೇಷನ್ನಿಗೆ ಹಾಕಿಕೊಳ್ಳುವಂಥದ್ದು.

ಒಳಗೆ ಏಸಿ ಓಡುತ್ತಿತ್ತು. ತಾಯಿ ಮಲಗುವ ನಡುಮನೆಯಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ. ಗೋಡೆಯಿಂದ ಗೋಡೆಗೆ ಗಾಜಿನ ಬೀರು, ಬೀರುವಿನ ತುಂಬ ಬೆರಳುದ್ದದ ಯೋಧರು, ಲೋಹದ ಮೈಯವರು, ಹಲ್ಲಿ ಮುಖದವರು. ನಲವತ್ತು ವರ್ಷದ ಹಿಂದೆ ವಿದೇಶದ ಟೀವಿಯಲ್ಲಿ ಬಂದು ಹೋದ ಯಾವುದೋ ಆಕಾಶಯುದ್ಧದ ಕಥೆಯವರಂತೆ. ಕೆಲವು ಇನ್ನೂ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಯಾವ ಮಗುವಿನ ಕೈಯೂ ಮುಟ್ಟದ ಆಟಿಕೆಗಳನ್ನು ನೋಡಿ ನನಗೆ ಹೆಣದ ಕೋಣೆಯ ನೆನಪಾಯಿತು.

“ಆ ಬೊಂಬೆ ಎಲ್ಲಿತ್ತು?”

“ಬೊಂಬೆ ಅನ್ಬೇಡಿ ಮೇಡಮ್. ಆ್ಯಕ್ಷನ್ ಫಿಗರ್.” ಮೇಲಿನ ಸಾಲಿನಲ್ಲಿ ಖಾಲಿ ಜಾಗ ತೋರಿಸಿದ. “ಕ್ಯಾಪ್ಟನ್ ಓರಿಕ್. ನಾನು ಚಿಕ್ಕವನಿದ್ದಾಗ ಅಪ್ಪ ಊಟಿಯಿಂದ ತಂದುಕೊಟ್ಟದ್ದು. ಓರಿಕ್ ಬೇಕಾದಷ್ಟು ಜನರ ಹತ್ತಿರ ಇದೆ. ಹಣೆ ಮೇಲೆ ಮೂರು ಬಿಳಿ ಪಟ್ಟೆ ಇರೋದು ಪ್ರಪಂಚದಲ್ಲಿ ನನ್ನದೊಂದೇ.”

ಹಳೇ ಟ್ರಂಕಿನಲ್ಲಿ ಸಿಕ್ಕ ಅದನ್ನು ಫೋಟೊ ತೆಗೆದು ಗುಂಪಿಗೆ ಹಾಕಿದ್ದೇ ತಡ, ಜಗಳ ಹತ್ತಿಕೊಂಡಿತಂತೆ. ಕಾರ್ಖಾನೆಯಲ್ಲಿ ಮೊದಲು ಮಾಡಿದ ಕೆಲವಕ್ಕೆ ಕ್ಯಾಪ್ಟನ್ ಪದವಿಯ ಗುರುತಾಗಿ ಪಟ್ಟೆ ಬಳಿದಿದ್ದರು ಎಂದು ಒಂದು ಪಕ್ಷ. ಯಾರೋ ಆಮೇಲೆ ಬಣ್ಣ ಬಳಿದದ್ದು ಎಂದು ಇನ್ನೊಂದು ಪಕ್ಷ. ಪಟ್ಟೆಯವರು, ಬೋಳಿನವರು ಎಂದು ಹೆಸರೇ ಬಿದ್ದಿತ್ತು. ಒಬ್ಬರ ತಾಯಿಯನ್ನು ಒಬ್ಬರು ಬೈದುಕೊಂಡರು. ಒಬ್ಬನ ವಿಚ್ಛೇದನದ ಕಾಗದ ಹುಡುಕಿ ತಂದು ಎಲ್ಲರಿಗೂ ಹಂಚಿದರು. ಬೋಳು ಪಕ್ಷದ ಒಬ್ಬ ಹೃದಯಾಘಾತದಿಂದ ಸತ್ತಾಗ ಪಟ್ಟೆಯವರು ಚಪ್ಪಾಳೆಯ ಚಿತ್ರ ಹಾಕಿದರು.

ಇದನ್ನೆಲ್ಲ ಮಧುಕುಮಾರ ನಗುತ್ತ ಹೇಳಿದ. ಆ ನಗು ನನಗೆ ಹೇಸಿಗೆ ಹುಟ್ಟಿಸಿತು.

“ನಿನ್ನ ಮಾತೇ ಕೊನೆ ಮಾತಾ ಆ ಗುಂಪಲ್ಲಿ?”

“ಓರಿಕ್ ನನ್ನ ಹತ್ರ ಇರೋದಲ್ವಾ ಮೇಡಮ್. ನಾನು ಹೇಳಿದ್ರೆ ಮುಗೀತು.” ಬೆನ್ನು ನೆಟ್ಟಗಾಯಿತು. “ಈ ಭಾನುವಾರ ವೃಷಭೇಂದ್ರನ ಗೆಸ್ಟ್ ಹೌಸಲ್ಲಿ ಎಲ್ಲಾರೂ ಸೇರ್ತಾರೆ. ಚೆನ್ನೈಯಿಂದ ಒಬ್ಬ ಪರೀಕ್ಷಕ ಬರ್ತಿದ್ದ. ಬಣ್ಣ ಯಾವ ಕಾಲದ್ದು ಅಂತ ಮಷಿನ್ನಿನಲ್ಲಿ ನೋಡಿ ಹೇಳೋನು. ಅಷ್ಟರಲ್ಲಿ ಆ ಕಳ್ಳಿ ಕೈ ಆಡಿಸಿದ್ಲು.”

ಖಾಲಿ ಜಾಗದಲ್ಲಿ, ಗಾಜಿನ ಮೇಲೆ ಚಿಟಿಕೆಯಷ್ಟು ಬಿಳಿ ಪುಡಿ ಬಿದ್ದಿತ್ತು.

“ಮುಟ್ಟಬೇಡಿ. ಅದು ಮೂಲ ಬಣ್ಣ. ಕೀಳುವಾಗ ಕೆರೆದಿದಾಳೆ. ಫೋಟೊ ತೆಗೆದು ಗುಂಪಿಗೆ ಹಾಕಿದೀನಿ, ಸಾಕ್ಷಿ ಅಂತ.”

ನಾನು ಕೈಗವಸು ಬಿಚ್ಚಿ, ಬೆರಳನ್ನು ಒದ್ದೆ ಮಾಡಿಕೊಂಡು ಪುಡಿಯನ್ನು ಒತ್ತಿದೆ. ಅವನ ಬಾಯಿಂದ ಒಂದು ಸದ್ದು ಹೊರಟಿತು. ಉಜ್ಜಿದೆ. ಬಣ್ಣವಾದರೆ ತರಿತರಿಯಾಗಿರಬೇಕು. ಇದು ನುಣ್ಣಗೆ ಬೆರಳಿನ ಗೆರೆಗೆ ಇಳಿಯಿತು. ಮೂಗಿನ ಹತ್ತಿರ ತಂದೆ. ಹೊಗೆಯ ವಾಸನೆ. ನನ್ನ ಹಣೆಯ ಮೇಲೆ ಇದ್ದದ್ದೇ ಬೆರಳಿನ ಮೇಲೂ ಇತ್ತು.

“ಇದು ನಿಮ್ಮವ್ವ ಸುಟ್ಟ ಈಬೂತಿ,” ಅಂದೆ.

“ಏನ್ ಮೇಡಮ್ ನೀವು, ಪ್ರಪಂಚದ ಎಕ್ಸ್‌ಪರ್ಟ್‌ಗಳೆಲ್ಲ…”

“ಪ್ರಪಂಚದವ್ರಿಗೆ ಗೊತ್ತಾಗ್ದೆ ಓಗ್ಬೋದು. ಈ ಮನೇಲಿ ಉಟ್ಟಿ ಬೆಳೆದ ನಿಂಗೆ ಗೊತ್ತಾಗ್ನಿಲ್ವಾ? ಯಾಕ್ಲಾ ಮಧು, ನಾಕ್ ವರ್ಸದಿಂದ ಅವ್ವನ ತಾವು ಅಣೆ ಕೊಡ್ನಿಲ್ಲ? ಆ ಬೊಂಬೆ ಫೋಟೊ ಆಕಿದ್ದು ಯಾವಾಗ?”

ಅವನು ಬೀರುವಿಗೆ ಒರಗಿಕೊಂಡ. ಹಲ್ಲಿ ಮುಖದವನೊಬ್ಬ ಒಳಗೆ ಅಡ್ಡ ಬಿದ್ದ. ಮಧುಕುಮಾರ ಅದನ್ನು ಎತ್ತಿ ನಿಲ್ಲಿಸಲೂ ಇಲ್ಲ.

“ಆಕ್ದಾಗ ಗೊತ್ತಿರ್ನಿಲ್ಲ,” ಅಂದ. ಮೇಡಮ್ ಜೊತೆಯ ಮಾತು ಹೋಗಿ ಊರಿನ ಮಾತು ಬಂದಿತ್ತು. “ಬೆಳಗ್ಗೆ ಎದ್ದು ನೋಡುದ್ರೆ ಎಲ್ಲೆಲ್ಲಿಯೋರೋ ಕೈಮುಗೀತಾವ್ರೆ. ಮೊಕ ತೊಳ್ದೆ, ಅವ್ವ ಬಂದು ಈಬೂತಿ ಇಕ್ತು. ಕನ್ನಡಿ ನೋಡ್ಕಂಡೆ. ಅದೇ ಮೂರ್ ಗೆರೆ. ಚಿಕ್ಕುಡ್ಗನಾಗಿದ್ದಾಗ ಜರ ಬಂದು ಮಲ್ಗಿದ್ದೆ, ಅವ್ವ ಆ ಬೊಂಬೆಯ ದೇವ್ರ ಗೂಡಲ್ಲಿ ಮಡ್ಗಿ ದಿನಾ ಇಕ್ತಿತ್ತು, ನೆಪ್ಪಾಯ್ತು. ಆವತ್ತೇ ಅಣೆ ಒರ್ಸ್ಕೊಂಬುಟ್ಟೆ. ನನ್ ಫೋಟೊ ಯಾರಾದ್ರೂ ನೋಡಿ, ಅದ್ರ ಫೋಟೊ ಪಕ್ಕ ಮಡಿಕ್ಬುಟ್ರೆ?”

“ಆವತ್ತೇ ಯೋಳ್ಬೋದಿತ್ತಲ್ಲ.”

“ಎಂಗ್ ಯೋಳದಕ್ಕ? ಈ ಊರಲ್ಲಿ ನನ್ ಮಾತ ಯಾರು ಕೇಳರು? ಅಲ್ಲಿ ಕೇಳ್ತಾವ್ರೆ.”

ಆ ಕ್ಷಣಕ್ಕೆ ಅವನ ಮೇಲೆ ಚೂರು ಕನಿಕರ ಬಂತು. ಮುಂದಿನ ಮಾತಿಗೆ ಅದೂ ಹೋಯಿತು.

“ಮಷಿನ್ನು ಬತ್ತದೆ ಅಂದ್ರು. ಎದ್ರುಕೊಂಡೆ. ಸ್ಪಿರಿಟ್ಟಲ್ಲಿ ಪಟ್ಟೆ ಒರ್ಸಿ, ಓರಿಕ್‌ನ ದೇವ್ರ ಕ್ವಾಣೆ ಗೂಡಲ್ಲಿ ಬಚ್ಚಿಟ್ಟೆ. ಪೊಲೀಸ್ನೋರು ಬೂಟು ಬಿಚ್ಚಿ ಅಲ್ಲಿಗಂಟ ಬರಲ್ಲ. ಕಾಣೆಯಾಯ್ತು ಅಂದ್ಮ್ಯಾಕೆ ಯಾರ್ದಾದ್ರೂ ಎಸ್ರು ಯೋಳ್ಬೇಕಲ್ಲ. ಆ ಉಡ್ಗಿ ಆವತ್ತು ಬಂದಿದ್ಲು.”

ಬಂದಿದ್ದಳು. ಅಷ್ಟೇ ಕಾರಣ. ಎಷ್ಟೋ ಕಳ್ಳರ ಜೊತೆ, ಒಬ್ಬಿಬ್ಬರು ಕೊಲೆಗಾರರ ಜೊತೆ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿದಿದ್ದೇನೆ. ಇವನ ಕೋಣೆಯ ಗಾಳಿಯನ್ನು ಇನ್ನೊಂದು ಸಲ ಉಸಿರಾಡಲು ಮನಸ್ಸಾಗಲಿಲ್ಲ. ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

“ತಕ್ಕಂಡ್ ಬಾ. ನಡಿ ಸ್ಟೇಷನ್ನಿಗೆ. ಅಲ್ಲಿ ಇದ್ನೇ ಯೋಳು.”

ದೇವರ ಕೋಣೆಗೆ ಹೋದವನು ಗೂಡಿನ ಮುಂದೆ ನಿಂತುಬಿಟ್ಟ. ದಾಸವಾಳ ಎತ್ತಿದ, ಇಟ್ಟ. ಬ್ಯಾಟರಿಯ ಹಿಂದೆ, ಬೀಜದ ಡಬ್ಬದ ಹಿಂದೆ ಕೈ ಹಾಕಿದ. ನಾಟಕ ಆಡುತ್ತಿರಲಿಲ್ಲ.

“ಆ ಬೊಂಬೆಯಾ?” ಅಂದರು ಶಿವಮಲ್ಲಮ್ಮ, ಬತ್ತಿ ಹೊಸೆಯುತ್ತ ಕೂತಲ್ಲಿಂದಲೇ. “ಅದ ಅಸನೂರು ವೃಷಬ ತಕ್ಕಂಡೋದ ಕಣಪ್ಪ. ನೀ ತ್ವಾಟದ ಕಡಿಕೆ ಓಗಿದ್ದೆ. ಈಬೂತಿ ಇಕ್ಕುಸ್ಕೊಳಕ್ಕೆ ಒಳಕ್ ಬಂದ, ಕಂಡ. ‘ಇದು ಮಧೂದು ಕಣವ್ವ, ನಾನೇ ಕೊಟ್ಬುಡ್ತಿನಿ’ ಅಂದ. ಕೊಟ್ಟೆ. ಪಾಪ, ಬರೀ ಅಣೇಲಿ ಕುಂತಿತ್ತು. ಬೆಳಿಗ್ಗೆ ತಾನೆ ಕಡ್ಡಿ ತಕ್ಕಂಡು ನಾ ಈಬೂತಿ ಎಳ್ದಿದ್ದೆ.”

ಜೀಪಿನಲ್ಲಿ ಕಂಡ ಬಿಳಿ ಹಣೆ ನೆನಪಾಯಿತು. ಅದು ತಾಳವಾಡಿಯ ಕಡೆ ಹೋಗುತ್ತಿತ್ತು.

ನನ್ನ ಬ್ಯಾಗಿನಲ್ಲಿ ಪೂಜಳ ಫೋನು ಗುರ್ ಅಂದಿತು. ತೆಗೆದೆ. ಗುಂಪಿನಲ್ಲಿ ಲೈವ್ ಶುರುವಾಗಿತ್ತು.

ಪರದೆಯ ಮೇಲೆ ನಾನು ಬೆಳಿಗ್ಗೆ ದಾಟಿ ಬಂದ ಪೂಜಳ ಮನೆಯ ಹೊಸ್ತಿಲು. ರಂಗಸ್ವಾಮಿ ಕೈಮುಗಿದು ಬಾಗಿಲು ತೆಗೆಯುತ್ತಿದ್ದ. “ಯಜಮಾನ್ರೆ, ನಿಮ್ಮ ಮಗಳ ಹೆಸರು ತೊಳೀಬೇಕು ಅಂತಲೇ ಬಂದಿದೀವಿ. ಒಂದ್ಸಲ ಮನೆ ನೋಡ್ಕೊಂಡು ಹೋಗ್ತೀವಿ,” ಅನ್ನುತ್ತಿತ್ತು ವೃಷಭೇಂದ್ರನ ಜೇನಿನಂಥ ದನಿ. ಕ್ಯಾಮೆರಾ ನಡುಮನೆ ದಾಟಿ ಅಡಿಗೆಮನೆಗೆ ನುಗ್ಗಿತು. ಒಂದು ಕೈ ರಾಗಿ ಹಿಟ್ಟಿನ ಡಬ್ಬದ ಹಿಂದೆ ಹೋಯಿತು. ಹೊರಗೆ ಬಂದಾಗ ಅದರಲ್ಲಿ ಕ್ಯಾಪ್ಟನ್ ಓರಿಕ್ ಇದ್ದ.

ತಿಳಿಹಸಿರು ಮುಖದ ಮೇಲೆ ಮೂರು ಗೆರೆ, ಹೊಚ್ಚ ಹೊಸದು.

ಕೆಳಗೆ ಮಾತುಗಳು ಮಳೆಹುಳುಗಳ ಹಾಗೆ ಮುತ್ತಿಕೊಂಡವು. ಓದಲಿಲ್ಲ. ವೃಷಭೇಂದ್ರ ಯಾಕೆ ಹೀಗೆ ಮಾಡಿದ ಅನ್ನುವುದು ನನಗೆ ಅರ್ಥವಾಗಿತ್ತು. ಅಷ್ಟು ಜನ ಸೇರಿ ಒಂದು ಹೆಣ್ಣುಮಗಳಿಗೆ ಬೈದಾದ ಮೇಲೆ ಅವಳು ಕಳ್ಳಿ ಆಗಲೇಬೇಕು. ಆಗದಿದ್ದರೆ ಬೈದವರಿಗೆ ಮುಖ ಎಲ್ಲಿ?

ಮಧುಕುಮಾರ ನನ್ನ ಭುಜದ ಮೇಲಿಂದ ನೋಡುತ್ತಿದ್ದ. ಅವನ ಉಸಿರು ಮೊದಲು ನಿಂತಿತು. ಆಮೇಲೆ ನಿಧಾನವಾಗಿ ಹೊರಗೆ ಬಂತು.

“ಸಿಕ್ತಲ್ಲ ಮೇಡಮ್,” ಅಂದ. ನಾನು ಮತ್ತೆ ಅವನಿಗೆ ಮೇಡಮ್ ಆಗಿದ್ದೆ. “ಹೊಸ ಬಣ್ಣ ಬಳಿದು ಹಾಳು ಮಾಡಿದಾಳೆ. ಇನ್ನು ಮಷಿನ್ನಿಗೆ ಹಾಕಿ ಪ್ರಯೋಜನ ಇಲ್ಲ.”

ಹೊಡೆಯಲು ಎದ್ದ ಕೈಯನ್ನು ತಡೆದುಕೊಂಡೆ. ನನ್ನ ಫೋನು ತೆಗೆದು ರೆಕಾರ್ಡಿಂಗ್ ಒತ್ತಿ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಮಗ ನನ್ನ ಹತ್ತಿರ ಒಪ್ಪಿಕೊಂಡದ್ದಕ್ಕೆ ಸಾಕ್ಷಿ ಇರಲಿಲ್ಲ. ಪೂಜಳನ್ನು ಉಳಿಸುವ ಒಂದೇ ಒಂದು ಬಾಯಿ ನನ್ನ ಎದುರಿಗಿತ್ತು.

“ದೊಡ್ಡವ್ವ, ಈಗ ಅಂದ್ರಲ್ಲ, ಅದ್ನೇ ಇನ್ನೊಂದ್ಸಲ ಅನ್ನಿ. ಆ ಬೊಂಬೆ ಅಣೆಗೆ ಈಬೂತಿ ಇಕ್ಕಿದ್ದು ಯಾರು? ಇಲ್ಲಿಂದ ತಕ್ಕಂಡೋದ್ದು ಯಾರು?”

ಶಿವಮಲ್ಲಮ್ಮ ಬಾಯಿ ತೆರೆದರು.

ಅಷ್ಟರಲ್ಲಿ ಮಧುಕುಮಾರ ನಮ್ಮಿಬ್ಬರ ನಡುವೆ ಮಂಡಿಯೂರಿದ. ತಾಯಿಯ ಎರಡೂ ಕೈ ಹಿಡಿದುಕೊಂಡು ತಲೆ ಬಗ್ಗಿಸಿದ.

“ಅವ್ವ,” ಅಂದ, “ನಂಗೆ ಈಬೂತಿ ಇಕ್ಕವ್ವ.”

ಮುದುಕಿಯ ತೊಡೆಯಿಂದ ಬತ್ತಿಗಳು ಜಾರಿ ಬಿದ್ದವು. ಆ ಬರೀ ಹಣೆಯನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕೈಯ ಫೋನನ್ನು ನೋಡಿದರು. ಮಗ ಏನು ಕೊಡುತ್ತಿದ್ದಾನೆ, ಬದಲಿಗೆ ಏನು ಕೇಳುತ್ತಿದ್ದಾನೆ ಎಂದು ಅವರಿಗೆ ಪೂರ್ತಿ ತಿಳಿಯಿತು. ನಾನು ಆ ಕಣ್ಣುಗಳನ್ನು ಕಂಡೆ. ತಿಳಿಯಲಿಲ್ಲ ಎಂದು ಹೇಳಲಾರೆ.

ಮೂರು ಬೆರಳು ವಿಭೂತಿಯ ತಟ್ಟೆಗೆ ಹೋದವು. ನಿಧಾನವಾಗಿ, ಈ ಕಿವಿಯ ಹತ್ತಿರದಿಂದ ಆ ಕಿವಿಯವರೆಗೆ ಗೆರೆ ಎಳೆದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮಗನ ತಲೆ ನೇವರಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿದರು.

“ನಂಗೇನೂ ಗೊತ್ತಿಲ್ಲ ಕಣವ್ವ,” ಅಂದರು. “ಆ ಬೊಂಬೆಯ ನಾ ಕಣ್ಣಲ್ಲೂ ಕಂಡಿಲ್ಲ.”

ರೆಕಾರ್ಡಿಂಗ್ ಓಡುತ್ತಲೇ ಇತ್ತು. ಮಧುಕುಮಾರ ತಲೆ ಎತ್ತಲಿಲ್ಲ.

ಇನ್ನೊಂದು ಕೈಯ ಫೋನಿನಲ್ಲಿ ಪೂಜಳನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಅಪ್ಪ ಪಕ್ಕದಲ್ಲಿ ನೆಲ ನೋಡುತ್ತಿದ್ದ. “ಕ್ಷಮೆ ಕೇಳು. ಎಲ್ಲರೂ ನೋಡ್ತಾ ಇದಾರೆ,” ಅಂದಿತು ವೃಷಭೇಂದ್ರನ ದನಿ. ಅವಳು ಅವನನ್ನು ನೋಡಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ನೇರವಾಗಿ ಕ್ಯಾಮೆರಾದೊಳಗೆ ನೋಡಿದಳು.

“ಲೋಕೇಶ್ವರಕ್ಕ,” ಅಂದಳು. “ನನ್ ಫೋನು ನಿಮ್ ತಾವೇ ಅದೆಯಲ್ಲ. ನೀವೂ ನೋಡ್ತಾ ಇದ್ದೀರಿ ತಾನೆ? ಇವ್ರಿಗೆ ಯೋಳಿ ಅಕ್ಕ.”